ಕೃತ್ತಿಕೆಯೆಲ್ಲ ಬೆಳ್ಳಗೆ, ಮೇಲಿಂದ ಕಪ್ಪು ಬಿಲ್ಲೆಗಳು: ತಪ್ಪು ಎಲ್ಲಿದೆ?

ಕಟಪಾಡಿ ಕಂದೀಲು
ಡಿಸೆಂಬರ್ 9, ರಾತ್ರಿ 10:42

ನಮಸ್ಕಾರ. ಎರಡು ವರ್ಷ ಚಂದ್ರ, ಗುರು, ಶನಿ ಎಂದು ಸುತ್ತಾಡಿಕೊಂಡಿದ್ದವನು ಈ ಸಲ ಧೈರ್ಯ ಮಾಡಿ ಕೃತ್ತಿಕೆ ಎಂಬ ನಕ್ಷತ್ರಗುಚ್ಛಕ್ಕೆ ಕೈ ಹಾಕಿದ್ದೇನೆ. ಶನಿವಾರ ರಾತ್ರಿ ಮನೆಯ ತಾರಸಿಯಿಂದ ತೆಗೆದ ಚಿತ್ರವನ್ನು ಇಲ್ಲಿ ಹಾಕಿದ್ದೇನೆ. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ಆದರೆ ಅವರೆಲ್ಲ ಮನೆಯವರು.

ಸಲಕರಣೆ ಹೀಗಿದೆ: 80 ಮಿ.ಮೀ. ವ್ಯಾಸದ, ಎಫ್/5ರ (ನಾಭಿದೂರ ವ್ಯಾಸದ ಐದು ಪಟ್ಟು) ಸಾಮಾನ್ಯ ಅಕ್ರೊಮ್ಯಾಟ್, ಅಂದರೆ ಎರಡು ಗಾಜು ಸೇರಿಸಿದ ಮಸೂರದ ದೂರದರ್ಶಕ, ಹಳೆಯ ಕ್ಯಾನನ್ 1300ಡಿ, ಆಕಾಶದ ಜೊತೆ ತಿರುಗುವ ಮೌಂಟ್. ಐಎಸ್‌ಒ 3200, ತಲಾ 90 ಸೆಕೆಂಡಿನ 40 ಚಿತ್ರಗಳು, ಒಟ್ಟು ಒಂದು ಗಂಟೆ. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿದ್ದು ಸಿರಿಲ್ ಎಂಬ ತಂತ್ರಾಂಶದಲ್ಲಿ. ಮೌಂಟಿನ ಅಕ್ಷ ಹೊಂದಿಸಲು ಧ್ರುವನನ್ನು ಹಿಡಿಯುವುದಕ್ಕೇ ಮುಕ್ಕಾಲು ಗಂಟೆ ಹೋಯಿತು; ನಮ್ಮಲ್ಲಿ ಅವನು ದಿಗಂತದಿಂದ 13 ಡಿಗ್ರಿ ಮೇಲೆ, ಅಂದರೆ ಸರಿಯಾಗಿ ನೆರೆಮನೆಯ ತೆಂಗಿನ ಸೋಗೆಯ ಹಿಂದೆ.

ತೊಂದರೆ ಒಂದೆರಡಲ್ಲ. ನಕ್ಷತ್ರಗಳೆಲ್ಲ ಚೆಲ್ಲಿದ ಮಂಡಕ್ಕಿಯಂತೆ ಬೆಳ್ಳಗೆ ಕಾಣುತ್ತಿವೆ, ಒಂದಕ್ಕೂ ಬಣ್ಣವಿಲ್ಲ. ಚಿತ್ರದ ಮೇಲೆ ಐದಾರು ಕಡೆ ದುಂಡಗಿನ ಕಪ್ಪು ಕಲೆಗಳಿವೆ. ಫ್ಲ್ಯಾಟ್ ಚಿತ್ರಗಳನ್ನು (ಸಮ ಬೆಳಕಿನ ಬರೀ ಬಿಳಿ ಹಿನ್ನೆಲೆಯವು; ಆಕಾಶದ ಚಿತ್ರವನ್ನು ಇವುಗಳಿಂದ ಭಾಗಿಸುತ್ತಾರೆ) ಕೊಟ್ಟರೆ ಕಲೆ ಹೋಗುತ್ತದೆ ಎಂದು ಓದಿ ಟ್ಯಾಬ್‌ನ ಬಿಳಿ ಪರದೆಯ ಎದುರು 20 ಫ್ಲ್ಯಾಟ್ ತೆಗೆದೆ. ಈಗ ಕಪ್ಪು ಕಲೆಗಳ ಜಾಗದಲ್ಲಿ ಬಿಳಿ ಕಲೆಗಳು ಬಂದು ಕುಳಿತಿವೆ! ಕೃತ್ತಿಕೆಯ ಸುತ್ತಲಿನ ನೀಲಿ ಮೋಡ (ನೀಹಾರಿಕೆ) ಸಿಕ್ಕಿತಲ್ಲ ಎಂಬುದೊಂದೇ ಸಮಾಧಾನ.

ಧೂಳಿರಬೇಕೆಂದು ಭಾನುವಾರ ದೂರದರ್ಶಕದ ಮುಂದಿನ ಮಸೂರವನ್ನು ಕನ್ನಡಕದ ಬಟ್ಟೆಯಿಂದ ಒರೆಸಿ ನೋಡಿದೆ. ಕಲೆಗಳು ಕದಲಲಿಲ್ಲ. ನಾಳೆ ಸೆನ್ಸರನ್ನೇ ಒರೆಸಲೇ?

ಪಣಂಬೂರು ಪಡುಗಾಳಿ
ಡಿಸೆಂಬರ್ 9, ರಾತ್ರಿ 11:15

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮಾರಾಯರೇ. ಫೋಟೊಶಾಪ್‌ನಲ್ಲಿ ಸ್ಯಾಚುರೇಶನ್ ಹೆಚ್ಚಿಸಿ, ಬಣ್ಣ ತಾನಾಗಿ ಬರುತ್ತದೆ. ಕಲೆಗಳಿಗೆ ಹೀಲಿಂಗ್ ಬ್ರಶ್ ಇದೆ, ಐದು ನಿಮಿಷದ ಕೆಲಸ. ನಾನು ಬಂದರಿನ ದೀಪಗಳ ಕೆಳಗೆ ಕುಳಿತು ತೆಗೆಯುವವನು. ಇಲ್ಲಿ ಶುದ್ಧ ವಿಜ್ಞಾನ ಎಂದು ಕುಳಿತರೆ ಒಂದು ಚಿತ್ರವೂ ಮುಗಿಯುವುದಿಲ್ಲ.

ಕಾರ್ಕಳದ ಮಾಸ್ಟ್ರು
ಡಿಸೆಂಬರ್ 10, ಬೆಳಿಗ್ಗೆ 6:05

ಕಂದೀಲಿನವರೇ, ಮೊದಲು ಆ ಬಟ್ಟೆಯನ್ನು ಕೆಳಗಿಡಿ. ಸೆನ್ಸರನ್ನೂ ಮುಟ್ಟಬೇಡಿ, ಮುಂದಿನ ಮಸೂರವನ್ನೂ ಮುಟ್ಟಬೇಡಿ. ಮುಂದಿನ ಮಸೂರದ ಮೇಲಿನ ಧೂಳು ಚಿತ್ರದಲ್ಲಿ ಕಲೆಯಾಗಿ ಬೀಳುವುದೇ ಇಲ್ಲ. ಅದು ಫೋಕಸ್‌ನಿಂದ ಅಷ್ಟು ದೂರ. ಬೆಳಕು ಕೂದಲೆಳೆಯಷ್ಟು ಕಡಿಮೆಯಾಗುತ್ತದೆ, ಅಷ್ಟೇ. ಒಣ ಬಟ್ಟೆಯಿಂದ ಉಜ್ಜಿದರೆ ಉಪ್ಪುಗಾಳಿಯ ಕಣಗಳು ಲೇಪನದ ಮೇಲೆ ಗೀರು ಎಳೆಯುತ್ತವೆ, ಆ ಗೀರು ಮಾತ್ರ ಕಾಯಂ.

ಪಡುಗಾಳಿಯವರ ಉಪಾಯ ಇಲ್ಲಿ ನಡೆಯುವುದಿಲ್ಲ. ಸ್ಯಾಚುರೇಶನ್ ಎಂದರೆ ಕೆಂಪು, ಹಸಿರು, ನೀಲಿಗಳ ನಡುವೆ ಇರುವ ವ್ಯತ್ಯಾಸವನ್ನು ಹಿಗ್ಗಿಸುವುದು. ಮೂರೂ ಸಮ ಇದ್ದರೆ ಹಿಗ್ಗಿಸಲು ಏನಿದೆ? ನಕ್ಷತ್ರದ ನಡು ಬೆಳ್ಳಗೇ ಉಳಿದು, ಅಂಚಿನ ನೇರಳೆ ಬಳೆ ಮಾತ್ರ ಉಜ್ವಲವಾಗುತ್ತದೆ.

ನನಗೆ ಬೇಕಾದದ್ದು ಜೋಡಿಸದ, ಹಿಗ್ಗಿಸದ (ಮಂಕು ಭಾಗಗಳನ್ನು ಎತ್ತಿ ಬೆಳಗಿಸದ) ಒಂದೇ ಒಂದು ಮೂಲ ಚಿತ್ರ. ಸಿರಿಲ್‌ನಲ್ಲಿ ತೆರೆದು, ಕೃತ್ತಿಕೆಯ ಅತಿ ಪ್ರಕಾಶದ ನಕ್ಷತ್ರ ಅಲ್ಸಿಯೋನೆಯ ನಡುವಿನ ಪಿಕ್ಸೆಲ್ ಸಂಖ್ಯೆಗಳನ್ನೂ, ಯಾವುದಾದರೂ ಮಂಕು ನಕ್ಷತ್ರದ ಸಂಖ್ಯೆಗಳನ್ನೂ ಬರೆದು ಹಾಕಿ.

ಇನ್ನೊಂದು ಮಾತು. ಬಣ್ಣದ ಪರೀಕ್ಷೆಗೆ ಕೃತ್ತಿಕೆ ಒಳ್ಳೆಯ ಆಯ್ಕೆಯಲ್ಲ. ಅಲ್ಲಿನ ದೊಡ್ಡ ನಕ್ಷತ್ರಗಳೆಲ್ಲ 12,000 ಕೆಲ್ವಿನ್ ಆಸುಪಾಸಿನ ಬಿಸಿ ನಕ್ಷತ್ರಗಳು, ನಿಜವಾಗಿಯೂ ನೀಲಿ ಬೆರೆತ ಬಿಳಿ. ಪಕ್ಕದಲ್ಲೇ ರೋಹಿಣಿ ಇದ್ದಾಳೆ, 3,900 ಕೆಲ್ವಿನ್‌ನ ಕಿತ್ತಳೆ ದೈತ್ಯೆ. ಅವಳು ನಿಮ್ಮ ಕ್ಯಾಮೆರಾದಲ್ಲಿ ಬೆಳ್ಳಗೆ ಬಂದರೆ ತಪ್ಪು ಖಚಿತ.

ಕಟಪಾಡಿ ಕಂದೀಲು
ಡಿಸೆಂಬರ್ 10, ರಾತ್ರಿ 9:30

ಮಾಸ್ಟ್ರೇ, ಬಟ್ಟೆ ಕೆಳಗಿಟ್ಟಿದ್ದೇನೆ.

ಅಲ್ಸಿಯೋನೆಯ ನಡುವೆ ಮೂರೂ ಬಣ್ಣಗಳಲ್ಲಿ ಗರಿಷ್ಠ ಸಂಖ್ಯೆ, ಸುಮಾರು 20 ಪಿಕ್ಸೆಲ್ ಅಗಲಕ್ಕೆ ಚಪ್ಪಟೆ. ಉಳಿದ ಎಂಟು ಹೆಸರಾಂತ ನಕ್ಷತ್ರಗಳದ್ದೂ ಅದೇ ಕಥೆ. ಆದರೆ ಮಂಕು ನಕ್ಷತ್ರಗಳು ಮಿತಿಗೆ ಹತ್ತಿರವೂ ಬಂದಿಲ್ಲ. ಒಂದರಲ್ಲಿ ಕೆಂಪು ನೀಲಿಗಿಂತ ಸ್ಪಷ್ಟವಾಗಿ ಹೆಚ್ಚಿದೆ. ಅಂದರೆ ಮೂಲ ಚಿತ್ರದಲ್ಲಿ ಬಣ್ಣ ಇತ್ತು! ಕೊನೆಯ ಚಿತ್ರದಲ್ಲಿ ಅದೇ ನಕ್ಷತ್ರ ಅಚ್ಚ ಬಿಳಿ. ಹಿಸ್ಟೋಗ್ರಾಮ್‌ನ (ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಎಂಬ ನಕ್ಷೆ) ಗುಡ್ಡ ಮಧ್ಯ ದಾಟಿ ಬಲಕ್ಕೆ ಹೋಗಿ ಕುಳಿತಿದೆ.

ಕಾರ್ಕಳದ ಮಾಸ್ಟ್ರು
ಡಿಸೆಂಬರ್ 11, ಬೆಳಿಗ್ಗೆ 5:50

ಹಾಗಾದರೆ ನಿಮ್ಮ ಬಣ್ಣ ಎರಡು ಕಡೆ ಕಳೆದುಹೋಗಿದೆ.

ಮಳೆಗಾಲದಲ್ಲಿ ಮಾಡಿನ ಕೆಳಗೆ ಮೂರು ಚೊಂಬು ಇಟ್ಟಿದ್ದೀರಿ ಎಂದುಕೊಳ್ಳಿ. ಹತ್ತು ನಿಮಿಷಕ್ಕೆ ಹೋಗಿ ನೋಡಿದರೆ ಯಾವುದಕ್ಕೆ ಹೆಚ್ಚು ನೀರು ಬಿದ್ದಿದೆ ಎಂದು ಹೇಳಬಹುದು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದರೆ ಮೂರೂ ತುಂಬಿ ಚೆಲ್ಲುತ್ತಿರುತ್ತವೆ. ಅಲ್ಸಿಯೋನೆಗೆ ಆದದ್ದು ಅದು. ಚೆಲ್ಲಿದ ನೀರನ್ನು ಯಾವ ತಂತ್ರಾಂಶವೂ ಚೊಂಬಿಗೆ ವಾಪಸು ತುಂಬುವುದಿಲ್ಲ. ಐಎಸ್‌ಒ ದುಪ್ಪಟ್ಟು ಮಾಡಿದಾಗಲೆಲ್ಲ ಚೊಂಬು ಅರ್ಧಕ್ಕೆ ಇಳಿದಂತೆ. 3200ರಿಂದ 800ಕ್ಕೆ ಬನ್ನಿ, ನಾಲ್ಕು ಪಟ್ಟು ಜಾಗ ಸಿಗುತ್ತದೆ. 90 ಸೆಕೆಂಡನ್ನು 30ಕ್ಕೆ ಇಳಿಸಿ, ಮತ್ತೆ ಮೂರು ಪಟ್ಟು. ಒಟ್ಟು 12 ಪಟ್ಟು, ಪ್ರಕಾಶಾಂಕದ ಲೆಕ್ಕದಲ್ಲಿ ಸುಮಾರು 2.7. ಇಷ್ಟಾದರೂ ಅತಿ ಪ್ರಕಾಶದ ಕೆಲವು ಚೆಲ್ಲುತ್ತವೆ. ಅವಕ್ಕಾಗಿ 5 ಸೆಕೆಂಡಿನ ಇಪ್ಪತ್ತು ಚಿತ್ರ ಬೇರೆ ತೆಗೆದು ಕೊನೆಗೆ ಸೇರಿಸಬಹುದು. ಹೆಚ್ಚು ಐಎಸ್‌ಒ ಇಟ್ಟರೆ ಹೆಚ್ಚು ಬೆಳಕು ಸಿಗುತ್ತದೆ ಎಂಬ ಭ್ರಮೆ ನನಗೂ ಬಹಳ ಕಾಲ ಇತ್ತು. ಸಿಗುವುದಿಲ್ಲ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಚಿತ್ರ ಚೆಂದ ಕಾಣುತ್ತದೆ, ನಾವು ಮೋಸ ಹೋಗುತ್ತೇವೆ.

ಎರಡನೆಯದು ಹಿಗ್ಗಿಸುವಾಗ ಆದದ್ದು. ಮಂಕು ನಕ್ಷತ್ರಗಳ ಬಣ್ಣವನ್ನು ಕಳೆದವರು ನೀವೇ. ಸಾಮಾನ್ಯ ಹಿಸ್ಟೋಗ್ರಾಮ್ ಹಿಗ್ಗಿಸುವಿಕೆಯಲ್ಲಿ ಮೂರೂ ಬಣ್ಣಗಳು ಬೇರೆಬೇರೆಯಾಗಿ ಮೇಲಿನ ಮಿತಿಯತ್ತ ಓಡಿ, ಅಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಿರಿಲ್‌ನಲ್ಲಿ ಆಸಿಂಚ್ ಎಂಬ ಇನ್ನೊಂದು ದಾರಿ ಇದೆ. ಅದು ಮೂರನ್ನೂ ಒಂದೇ ಗುಣಕದಿಂದ ಎತ್ತುತ್ತದೆ, ಹಾಗಾಗಿ ಕೆಂಪು ನೀಲಿಗಳ ಅನುಪಾತ ಉಳಿಯುತ್ತದೆ. 2004ರಲ್ಲಿ ರಾಬರ್ಟ್ ಲಪ್ಟನ್ ಮತ್ತು ಸಂಗಡಿಗರು ಆಕಾಶ ಸಮೀಕ್ಷೆಯ ಚಿತ್ರಗಳಿಗಾಗಿ ವಿವರಿಸಿದ ವಿಧಾನದ ತಿರುಳೇ ಇದು. ಹಿಗ್ಗಿಸುವ ಮೊದಲು, ಚಿತ್ರ ಇನ್ನೂ ಕತ್ತಲೆಯಾಗಿರುವಾಗಲೇ, ಫೋಟೋಮೆಟ್ರಿಕ್ ಬಣ್ಣ ಹೊಂದಾಣಿಕೆ ಮಾಡಿ. ಅದು ಚಿತ್ರದ ನಕ್ಷತ್ರಗಳನ್ನು ಗುರುತಿಸಿ, ಪಟ್ಟಿಯಲ್ಲಿರುವ ಅವುಗಳ ಅಳೆದ ಬಣ್ಣಕ್ಕೆ ಹೋಲಿಸುತ್ತದೆ. ನಮ್ಮ ಕಣ್ಣಿನ ರುಚಿಗೆ ಅಲ್ಲಿ ಜಾಗವಿಲ್ಲ.

ಬಣ್ಣ ಎಷ್ಟಿರಬೇಕು ಎಂಬ ನಿರೀಕ್ಷೆಯನ್ನೂ ಸ್ವಲ್ಪ ತಗ್ಗಿಸಿಕೊಳ್ಳಿ. ನಕ್ಷತ್ರಗಳ ನಿಜವಾದ ಬಣ್ಣ ತೆಳು. ಜಾತ್ರೆಯ ಬಲ್ಬುಗಳ ಹಾಗೆ ಕೆಂಪು ನೀಲಿ ಹೊಳೆಯುವ ಚಿತ್ರಗಳನ್ನು ನೋಡಿದರೆ ನನಗೆ ಕಿರಿಕಿರಿ. ಹಸಿರು ನಕ್ಷತ್ರ ಕಂಡರಂತೂ ಯೋಚನೆಯೇ ಬೇಡ, ಅದು ಕ್ಯಾಮೆರಾದ್ದು. ಸೆನ್ಸರಿನಲ್ಲಿ ನಾಲ್ಕಕ್ಕೆ ಎರಡು ಪಿಕ್ಸೆಲ್ ಹಸಿರು.

ಹೆಬ್ರಿ ಇರುಳು
ಡಿಸೆಂಬರ್ 11, ರಾತ್ರಿ 8:20

ಬಣ್ಣದ ಪಾಠ ಮಾಸ್ಟ್ರು ಮುಗಿಸಿದ್ದಾರೆ, ನಾನು ಧೂಳಿಗೆ ಬರುತ್ತೇನೆ. ಒರೆಸುವ ಮೊದಲು ಅಳೆಯಿರಿ. ಕಲೆಯ ಅಗಲ ನೋಡಿದರೆ ಧೂಳು ಸೆನ್ಸರಿನಿಂದ ಎಷ್ಟು ದೂರದಲ್ಲಿದೆ ಎಂದು ಹೇಳಬಹುದು.

ಲೆಕ್ಕ ಸುಲಭ. ಕಲೆಯ ಅಗಲವನ್ನು ಪಿಕ್ಸೆಲ್‌ಗಳಲ್ಲಿ ಅಳೆದು, ಒಂದು ಪಿಕ್ಸೆಲ್‌ನ ಗಾತ್ರದಿಂದ ಗುಣಿಸಿ, ಎಫ್ ಸಂಖ್ಯೆಯಿಂದ ಮತ್ತೆ ಗುಣಿಸಿದರೆ ದೂರ ಬರುತ್ತದೆ. ನಿಮ್ಮ 1300ಡಿಯ ಪಿಕ್ಸೆಲ್ 4.3 ಮೈಕ್ರಾನ್, ದೂರದರ್ಶಕ ಎಫ್/5. ನಿಮ್ಮ ಫ್ಲ್ಯಾಟ್ ಒಂದನ್ನು ಇಳಿಸಿಕೊಂಡು ನಾನೇ ಅಳೆದೆ. ಸಣ್ಣ ಕಲೆಗಳು ಐದು, ಎಲ್ಲವೂ 90 ಪಿಕ್ಸೆಲ್ ಆಸುಪಾಸು. 90ನ್ನು 4.3ರಿಂದ, ಆಮೇಲೆ 5ರಿಂದ ಗುಣಿಸಿದರೆ 1,935 ಮೈಕ್ರಾನ್, ಹತ್ತಿರ ಹತ್ತಿರ 2 ಮಿ.ಮೀ. ಅಂದರೆ ಧೂಳು ಕುಳಿತಿರುವುದು ಸೆನ್ಸರಿನ ಮುಂದಿನ ಗಾಜಿನ ಮೇಲೆ. ಇಲ್ಲಿವರೆಗೆ ಆಶ್ಚರ್ಯವಿಲ್ಲ.

ಆದರೆ ಬಲಗಡೆ ಇನ್ನೊಂದು ಕಲೆ ಇದೆ. ನೀವು ಅದನ್ನು ಗಮನಿಸಿಯೇ ಇಲ್ಲ ಅನ್ನಿಸುತ್ತದೆ, ಏಕೆಂದರೆ ಅದು ಬಹಳ ಮಸುಕು, ಬಹಳ ದೊಡ್ಡದು. ಅಗಲ ಸುಮಾರು 1,600 ಪಿಕ್ಸೆಲ್, ಚಿತ್ರದ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಅದೇ ಲೆಕ್ಕ ಹಾಕಿದರೆ ಸೆನ್ಸರಿನಿಂದ 34 ಮಿ.ಮೀ. ದೂರ. ನೀವು ಹೇಳಿದ ಸಲಕರಣೆಯಲ್ಲಿ ಆ ಜಾಗದಲ್ಲಿ ಗಾಳಿಯ ಹೊರತು ಏನೂ ಇರಬಾರದು. ಅಣ್ಣ, ಅಲ್ಲಿ ಏನಿದೆ?

ಕಟಪಾಡಿ ಕಂದೀಲು
ಡಿಸೆಂಬರ್ 11, ರಾತ್ರಿ 8:58

ಅಯ್ಯೋ. ಕ್ಲಿಪ್ ಫಿಲ್ಟರ್! ದೀಪದ ಬೆಳಕು ತಡೆಯುತ್ತದೆ ಎಂದು ಕಳೆದ ವರ್ಷ ಕೊಂಡು ಕ್ಯಾಮೆರಾದ ಬಾಯಿಯೊಳಗೆ ಸಿಕ್ಕಿಸಿದ್ದೆ. ಆಮೇಲೆ ತೆಗೆದೇ ಇಲ್ಲ, ಅದು ಅಲ್ಲಿದೆ ಎಂಬುದೇ ಮರೆತುಹೋಗಿತ್ತು. ಈಗ ಟಾರ್ಚ್ ಹಿಡಿದು ನೋಡಿದೆ, ಮಧ್ಯದಿಂದ ಸ್ವಲ್ಪ ಆಚೆಗೆ ಒಂದು ಸಣ್ಣ ನಾರು ಅಂಟಿಕೊಂಡಿದೆ. ಅಕ್ಕ, ಮೂರು ಸಂಖ್ಯೆ ಇಟ್ಟುಕೊಂಡು ನನ್ನ ಕ್ಯಾಮೆರಾದ ಒಳಗೆ ಹೊಕ್ಕು ನೋಡಿದಿರಲ್ಲ!

ಕಾರ್ಕಳದ ಮಾಸ್ಟ್ರು
ಡಿಸೆಂಬರ್ 12, ಬೆಳಿಗ್ಗೆ 6:10

ಫಿಲ್ಟರ್ ಇದ್ದರೆ ಬಣ್ಣದ ಕಥೆಯೂ ಬದಲಾಗುತ್ತದೆ. ಆ ಫಿಲ್ಟರುಗಳನ್ನು ಮಾಡಿದ್ದು ಸೋಡಿಯಂ ದೀಪಗಳ ಕಾಲಕ್ಕೆ. 589 ನ್ಯಾನೋಮೀಟರ್ ಆಸುಪಾಸಿನ ಹಳದಿಯನ್ನು ಅವು ಕತ್ತರಿಸಿಬಿಡುತ್ತವೆ. ರೋಹಿಣಿಯಂತಹ ಕಿತ್ತಳೆ ನಕ್ಷತ್ರದ ಬೆಳಕಿನಲ್ಲಿ ಆ ತುಂಡೇ ಇಲ್ಲವೆಂದರೆ ಬಣ್ಣ ಹೇಗೆ ಸರಿಬಂದೀತು? ಈಗ ಹೆದ್ದಾರಿಯ ಉದ್ದಕ್ಕೂ ಬಿಳಿ ಎಲ್ಇಡಿ. ಅದರ ಬೆಳಕು ಎಲ್ಲ ತರಂಗಾಂತರಗಳಲ್ಲೂ ಹರಡಿಕೊಂಡಿರುವುದರಿಂದ ಫಿಲ್ಟರಿಗೆ ತಡೆಯಲು ನಿರ್ದಿಷ್ಟ ಗೆರೆಯೇ ಸಿಗುವುದಿಲ್ಲ. ಕೃತ್ತಿಕೆಯ ಮೋಡ ಹೊಳೆಯುವುದೂ ನಕ್ಷತ್ರದ ಬೆಳಕಿನಿಂದಲೇ, ಹಾಗಾಗಿ ಫಿಲ್ಟರ್ ಅದನ್ನೂ ಕಡಿಯುತ್ತದೆ. ತೆಗೆದು ಡಬ್ಬಿಯಲ್ಲಿಡಿ.

ಸುರತ್ಕಲ್ ಹೊಸಬ
ಡಿಸೆಂಬರ್ 12, ಮಧ್ಯಾಹ್ನ 1:30

ನಾನು ವಿದ್ಯಾರ್ಥಿ, ಕ್ಯಾಮೆರಾ ಇನ್ನೂ ಕೊಂಡಿಲ್ಲ, ಓದುತ್ತಿದ್ದೇನೆ ಅಷ್ಟೇ. ಫ್ಲ್ಯಾಟ್ ಕೊಟ್ಟ ಮೇಲೆ ಕಪ್ಪು ಕಲೆ ಬಿಳಿಯಾದದ್ದು ಏಕೆ ಎಂದು ಯಾರೂ ಹೇಳಲಿಲ್ಲವಲ್ಲ?

ಹೆಬ್ರಿ ಇರುಳು
ಡಿಸೆಂಬರ್ 12, ರಾತ್ರಿ 9:05

ಒಳ್ಳೆಯ ಪ್ರಶ್ನೆ ತಮ್ಮಾ. ಕಂದೀಲಣ್ಣ, ನೀವು ಡಾರ್ಕ್ ಚಿತ್ರ (ಮುಚ್ಚಳ ಹಾಕಿ ತೆಗೆಯುವ ಕತ್ತಲೆ ಚಿತ್ರ) ತೆಗೆದಿಲ್ಲ, ಅಲ್ಲವೇ? ನನ್ನ ಊಹೆ: ಫ್ಲ್ಯಾಟ್‌ಗಳಿಂದ ಬಯಾಸ್ ಕಳೆದಿದ್ದೀರಿ, ಆಕಾಶದ ಚಿತ್ರಗಳಿಂದ ಏನನ್ನೂ ಕಳೆದಿಲ್ಲ.

ಕ್ಯಾಮೆರಾ ಪ್ರತಿ ಪಿಕ್ಸೆಲ್‌ಗೂ ಒಂದು ಅಡಿಮೊತ್ತ ಸೇರಿಸಿ ಕೊಡುತ್ತದೆ, ಅದೇ ಬಯಾಸ್. ಈಚಿನ ಹಲವು ಕ್ಯಾನನ್‌ಗಳಲ್ಲಿ ಅದು 2048 ಆಸುಪಾಸು. ಬೆಳಕಿಲ್ಲದಿದ್ದರೂ ಆ ಸಂಖ್ಯೆ ಇರುತ್ತದೆ. ಧೂಳು ತಡೆಯುವುದು ಬೆಳಕನ್ನು, ಈ ಅಡಿಮೊತ್ತವನ್ನಲ್ಲ. ಫ್ಲ್ಯಾಟ್‌ನಿಂದ ಭಾಗಿಸುವ ಮೊದಲು ಅಡಿಮೊತ್ತವನ್ನು ಕಳೆಯದಿದ್ದರೆ, ಧೂಳಿನ ಜಾಗದಲ್ಲಿ ಅಡಿಮೊತ್ತವೂ ಉಬ್ಬಿ ಬರುತ್ತದೆ. ಕಪ್ಪು ಕಲೆ ಬಿಳಿಯಾಗುವುದು ಹೀಗೆ. ಉಲ್ಟಾ ಮಾಡಿದ್ದರೆ, ಅಂದರೆ ಫ್ಲ್ಯಾಟ್‌ನಿಂದ ಬಯಾಸ್ ಕಳೆಯುವುದನ್ನು ಮರೆತಿದ್ದರೆ, ಕಲೆ ಅರೆಬರೆ ಹೋಗಿ ಕಪ್ಪಾಗಿಯೇ ಉಳಿಯುತ್ತಿತ್ತು. ಕಲೆಯ ಬಣ್ಣವೇ ಯಾವ ಕಡೆ ಮರೆವಾಗಿದೆ ಎಂದು ಹೇಳುತ್ತದೆ.

ಡಾರ್ಕ್ ತೆಗೆಯಿರಿ: ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ ಸೆಕೆಂಡು, ಅದೇ ರಾತ್ರಿಯ ಸೆಕೆಯಲ್ಲಿ. ಡಿಸೆಂಬರ್‌ನಲ್ಲೂ ನಮ್ಮಲ್ಲಿ ಇರುಳು 20 ಡಿಗ್ರಿಗಿಂತ ಹೆಚ್ಚು ಕೆಳಗೆ ಹೋಗುವುದಿಲ್ಲ, ಸೆನ್ಸರ್ ಬೆವರುತ್ತದೆ. ನಿಮ್ಮ ಚಿತ್ರದ ಹಿನ್ನೆಲೆಯಲ್ಲಿ ಪುಟ್ಟಪುಟ್ಟ ಕೆಂಪು ಚುಕ್ಕೆಗಳಿವೆಯಲ್ಲ, ಅವೆಲ್ಲ ಬಿಸಿ ಪಿಕ್ಸೆಲ್‌ಗಳು. ಕೆಂಪು ನಕ್ಷತ್ರ ಸಿಕ್ಕಿತೆಂದು ಖುಷಿಪಡಬೇಡಿ.

ಇನ್ನೊಂದು ಅನುಮಾನ ಇದೆ. ನಿಮ್ಮ ಫ್ಲ್ಯಾಟ್ ಹಳದಿಯಾಗಿದೆ. ಟ್ಯಾಬ್‌ನಲ್ಲಿ ಕಣ್ಣಿಗೆ ತಂಪು ಮಾಡುವ ರಾತ್ರಿ ವ್ಯವಸ್ಥೆ ಚಾಲೂ ಇತ್ತೇ?

ಕಟಪಾಡಿ ಕಂದೀಲು
ಡಿಸೆಂಬರ್ 12, ರಾತ್ರಿ 10:11

ಇತ್ತು. ಮಗಳ ಟ್ಯಾಬ್, ಏಳು ಗಂಟೆಗೆ ತಾನಾಗಿ ಹಳದಿಯಾಗುತ್ತದೆ. ಡಾರ್ಕ್ ತೆಗೆದಿಲ್ಲ ಎಂಬುದೂ ನಿಜ. ನಿದ್ದೆ ಬಂದಿತ್ತು.

ಹೆಬ್ರಿ ಇರುಳು
ಡಿಸೆಂಬರ್ 12, ರಾತ್ರಿ 10:25

ಹಾಗಾದರೆ ಸ್ವಲ್ಪ ಬೇಸರದ ಸುದ್ದಿ. ಹಳದಿ ಫ್ಲ್ಯಾಟ್‌ನಿಂದ ಭಾಗಿಸಿದರೆ ಚಿತ್ರದಲ್ಲಿ ಹಳದಿ ಕಡಿಮೆಯಾಗಿ, ಉಳಿದದ್ದು ನೀಲಿಗೆ ವಾಲುತ್ತದೆ. ಕೃತ್ತಿಕೆಯ ನೀಲಿ ಮೋಡ ಎಂದಿರಲ್ಲ, ಅದರ ಒಂದು ಪಾಲು ನಿಮ್ಮ ಮಗಳ ಟ್ಯಾಬ್‌ನಿಂದ ಬಂದದ್ದು. ಸಿರಿಲ್‌ನಲ್ಲಿ ಫ್ಲ್ಯಾಟ್ ಬಳಸುವಾಗ ಸಿಎಫ್‌ಎ (ಸೆನ್ಸರಿನ ಮೇಲಿನ ಕೆಂಪು, ಹಸಿರು, ನೀಲಿ ಜಾಲರಿ) ಸಮ ಮಾಡುವ ಆಯ್ಕೆ ಇದೆ, ಅದಕ್ಕೆ ಗುರುತು ಹಾಕಿದರೆ ಈ ವಾಲುವಿಕೆ ಹೋಗುತ್ತದೆ.

ಮುಂದಿನ ಸಲ ರಾತ್ರಿ ವ್ಯವಸ್ಥೆ ಆರಿಸಿ, ಪರದೆಯ ಮೇಲೆ ಎರಡು ಹಾಳೆ ಬಿಳಿ ಕಾಗದ ಇಡಿ. ಹಿಸ್ಟೋಗ್ರಾಮ್ ಮೂರನೇ ಒಂದರಿಂದ ಅರ್ಧದ ನಡುವೆ ನಿಲ್ಲಲಿ. ಬಹಳ ಚುಟುಕು ಎಕ್ಸ್‌ಪೋಶರ್ ಬೇಡ, ಪರದೆಯ ಮಿನುಗು ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಮುಖ್ಯವಾಗಿ, ಕ್ಯಾಮೆರಾವನ್ನು ದೂರದರ್ಶಕದಿಂದ ಬಿಚ್ಚುವ ಮೊದಲು, ಫೋಕಸ್ ಮುಟ್ಟುವ ಮೊದಲು ಫ್ಲ್ಯಾಟ್ ಮುಗಿಸಿ. ಬೆಳಿಗ್ಗೆ ಎದ್ದು ತೆಗೆಯೋಣ ಎಂದರೆ ಅಷ್ಟರಲ್ಲಿ ಧೂಳು ಮನೆ ಬದಲಿಸಿರುತ್ತದೆ.

ಪಣಂಬೂರು ಪಡುಗಾಳಿ
ಡಿಸೆಂಬರ್ 13, ಬೆಳಿಗ್ಗೆ 8:00

ಪಾಪ, ಅವರ ನೀಲಿ ಮೋಡವನ್ನೂ ಕಸಿದುಕೊಂಡಿರಲ್ಲ! ಟ್ಯಾಬ್‌ನ ನೀಲಿ ಚಿತ್ರವಿಡೀ ಹರಡಬೇಕು. ಇಲ್ಲಿ ನಕ್ಷತ್ರಗಳ ಸುತ್ತ ಮಾತ್ರ ನೀಲಿ ಇದೆ. ಅದು ಮೋಡವಲ್ಲದೆ ಮತ್ತೇನು?

ಕಾರ್ಕಳದ ಮಾಸ್ಟ್ರು
ಡಿಸೆಂಬರ್ 13, ಬೆಳಿಗ್ಗೆ 9:20

ಪಡುಗಾಳಿಯವರ ವಾದದಲ್ಲಿ ಹುರುಳಿದೆ, ಅದಕ್ಕೇ ಚಿತ್ರವನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ನೀಲಿ ಇದೆ, ಆದರೆ ಪ್ರತಿ ನಕ್ಷತ್ರದ ಸುತ್ತಲೂ ಕಂಪಾಸ್ ಇಟ್ಟು ಎಳೆದಂತೆ ದುಂಡಗಿದೆ. ಕೃತ್ತಿಕೆಗೆ ಸಂಬಂಧವೇ ಇಲ್ಲದ, ಮೂಲೆಯಲ್ಲಿರುವ ನಕ್ಷತ್ರಗಳಿಗೂ ಅದೇ ನೇರಳೆ ಬಳೆ. ಮೋಡಕ್ಕೆ ಅಷ್ಟು ಶಿಸ್ತು ಇರುವುದಿಲ್ಲ.

ಇದು ಅಕ್ರೊಮ್ಯಾಟ್‌ನ ಹುಟ್ಟುಗುಣ. ಎರಡು ಗಾಜು ಸೇರಿಸಿ ಕೆಂಪನ್ನೂ ನೀಲಿಯನ್ನೂ ಒಂದೆಡೆಗೆ ತರುತ್ತಾರೆ, ನೇರಳೆ ಮಾತ್ರ ಫೋಕಸ್ ತಪ್ಪಿ ಸುತ್ತ ಹರಡುತ್ತದೆ. ಎಫ್/5ರಂತಹ ಗಿಡ್ಡ ದೂರದರ್ಶಕದಲ್ಲಿ ಹೆಚ್ಚು. ಕಣ್ಣಿಗೆ ಅಷ್ಟಾಗಿ ಕಾಣದ ನೇರಳೆ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆ.

ನಿಜವಾದ ಮೋಡ ಹುಡುಕಬೇಕಾದದ್ದು ಕೃತ್ತಿಕೆಯದೇ ಇನ್ನೊಂದು ನಕ್ಷತ್ರ ಮೆರೋಪೆಯ ಹತ್ತಿರ. 1859ರಲ್ಲಿ ವಿಲ್ಹೆಲ್ಮ್ ಟೆಂಪಲ್ ಎಂಬವರು ಸಣ್ಣ ಮಸೂರ ದೂರದರ್ಶಕದಲ್ಲಿ ಅದನ್ನು ಮೊದಲು ಕಂಡು, ಕನ್ನಡಿಯ ಮೇಲೆ ಉಸಿರು ಬಿದ್ದ ಕಲೆಯ ಹಾಗಿದೆ ಎಂದರು. ನಕ್ಷತ್ರಕ್ಕಿಂತ ಒಂದು ಪಕ್ಕಕ್ಕೆ ಸರಿದು, ಗೀರುಗೀರಾಗಿ ಇರುತ್ತದೆ. ಅದು ತಾನಾಗಿ ಬೆಳಗುವುದಿಲ್ಲ, ನಕ್ಷತ್ರದ ಬೆಳಕನ್ನೇ ಪ್ರತಿಫಲಿಸುತ್ತದೆ ಎಂದು 1912ರಲ್ಲಿ ವೆಸ್ಟೊ ಸ್ಲೈಫರ್ ಅದರ ರೋಹಿತ ತೆಗೆದು ತೋರಿಸಿದರು. ಒಟ್ಟಿನಲ್ಲಿ ಅದೂ ಧೂಳೇ. ಕಂದೀಲಿನವರ ಸಂಕಟ ಇಷ್ಟೇ: ಬೇಕಾದ ಧೂಳು ಚಿತ್ರಕ್ಕೆ ಬರುತ್ತಿಲ್ಲ, ಬೇಡದ ಧೂಳು ಬಿಟ್ಟು ಹೋಗುತ್ತಿಲ್ಲ.

ದುಬಾರಿ ಮಸೂರ ಕೊಳ್ಳಿ ಎಂದು ಹೇಳುವುದಿಲ್ಲ. ಮದುವೆಯ ಆಮಂತ್ರಣದ ದಪ್ಪ ರಟ್ಟು ತೆಗೆದುಕೊಂಡು 50 ಮಿ.ಮೀ. ದುಂಡು ಕಿಂಡಿ ಕತ್ತರಿಸಿ ದೂರದರ್ಶಕದ ಬಾಯಿಗೆ ಮುಚ್ಚಿ. ಎಫ್/5 ಇದ್ದದ್ದು ಎಫ್/8 ಆಗುತ್ತದೆ, ನೇರಳೆ ಬಳೆ ಬಹುಮಟ್ಟಿಗೆ ಕುಗ್ಗುತ್ತದೆ. ಬೆಳಕು ಮಾತ್ರ ನೂರಕ್ಕೆ 39ಕ್ಕೆ ಇಳಿಯುತ್ತದೆ, ಹೆಚ್ಚು ಹೊತ್ತು ಕೂರಬೇಕು.

ಹೆಬ್ರಿ ಇರುಳು
ಡಿಸೆಂಬರ್ 13, ಬೆಳಿಗ್ಗೆ 9:41

ರಟ್ಟು ಹಾಕಿದರೆ ಫ್ಲ್ಯಾಟ್ ತೆಗೆಯುವಾಗಲೂ ರಟ್ಟು ಇರಲಿ. ಎಫ್/8ರಲ್ಲಿ ಅದೇ ಧೂಳಿನ ನೆರಳು 90ರ ಬದಲು 56 ಪಿಕ್ಸೆಲ್‌ಗೆ ಕುಗ್ಗಿ, ಹೆಚ್ಚು ಕಪ್ಪಾಗುತ್ತದೆ. ಹಳೆಯ ಫ್ಲ್ಯಾಟ್ ಹೊಂದುವುದಿಲ್ಲ.

ಬಂದರು ರಸ್ತೆ ಕ್ಯಾಮೆರಾ
ಡಿಸೆಂಬರ್ 13, ರಾತ್ರಿ 9:50

ಮಂಗಳೂರಿನಲ್ಲಿ ಕ್ಯಾಮೆರಾ ದುರಸ್ತಿ ಮಾಡುವವನು ನಾನು. ಆಕಾಶದ ವಿಷಯ ಗೊತ್ತಿಲ್ಲ, ಕ್ಯಾಮೆರಾದ ಹೊಟ್ಟೆ ಗೊತ್ತು.

ಒಂದು ಪ್ರಶ್ನೆ: ಮಳೆಗಾಲದಲ್ಲಿ ಕ್ಯಾಮೆರಾವನ್ನು ಎಲ್ಲಿಟ್ಟಿದ್ದಿರಿ? ಪ್ರತಿ ವರ್ಷ ಅಕ್ಟೋಬರ್ ಬಂದರೆ ನನ್ನ ಮೇಜಿನ ಮೇಲೆ ಒಂದೇ ಕಾಯಿಲೆಯ ಕ್ಯಾಮೆರಾಗಳ ಸಾಲು. ತೇವ ಎಳೆಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿರುತ್ತಾರೆ. ಅಕ್ಕಿ ತೇವ ಎಳೆಯುವುದು ಅಷ್ಟರಲ್ಲೇ ಇದೆ, ತೌಡು ಬಿಡುವುದು ಮಾತ್ರ ಗ್ಯಾರಂಟಿ. ಅದರಲ್ಲೂ ನಮ್ಮ ಕುಚ್ಚಲಕ್ಕಿ. ತೌಡಿನಲ್ಲಿ ಎಣ್ಣೆಯಂಶ ಇದೆ, ಬರೀ ಗಾಳಿ ಊದಿದರೆ ಹೋಗುವುದಿಲ್ಲ. ಒಣಬಟ್ಟೆ ತಾಗಿಸಿದರೆ ಗಾಜಿನ ಮೇಲೆ ಬಳಿದಂತಾಗುತ್ತದೆ.

1300ಡಿಯಲ್ಲಿ ತಾನೇ ನಡುಗಿ ಧೂಳು ಕೊಡಹುವ ವ್ಯವಸ್ಥೆ ಇಲ್ಲ, ಕೈಯಿಂದಲೇ ಮಾಡಬೇಕು. ಬ್ಯಾಟರಿ ಪೂರ್ತಿ ತುಂಬಿರಲಿ, ನಡುವೆ ಖಾಲಿಯಾದರೆ ಶಟರ್ ಒರೆಸುವ ಕಡ್ಡಿಯ ಮೇಲೇ ಮುಚ್ಚಿಕೊಳ್ಳುತ್ತದೆ. ಮೆನುವಿನಿಂದ ಕನ್ನಡಿ ಮೇಲೆತ್ತಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ರಬ್ಬರ್ ಬ್ಲೋಯರ್‌ನಿಂದ ಹತ್ತು ಸಲ ಊದಿ. ಬಾಯಿಂದ ಊದಬೇಡಿ, ಉಗುಳು ಹಾರುತ್ತದೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ, ಒಳಗಿನ ದ್ರವ ಚಿಮ್ಮುತ್ತದೆ. ಊದಿದ ಮೇಲೆ ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ, ಸಾಮಾನ್ಯ ಲೆನ್ಸ್‌ನಲ್ಲಿ ಎಫ್/22ರಲ್ಲಿ ತೆಗೆದು ನೋಡಿ. ಇನ್ನೂ ಉಳಿದಿದ್ದರೆ ಆಗ ಮಾತ್ರ ದ್ರವ ಹಾಕಿದ ಸ್ವಾಬ್, ಸೆನ್ಸರಿನ ಅಗಲದ್ದೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಮ್ಮೆ, ಮಗ್ಗುಲು ತಿರುಗಿಸಿ ವಾಪಸು ಒಮ್ಮೆ, ಆಮೇಲೆ ಕಸದ ಬುಟ್ಟಿಗೆ. ಉಳಿತಾಯ ಎಂದು ಅದನ್ನೇ ಮತ್ತೆ ಬಳಸಿದವರ ಕ್ಯಾಮೆರಾಗಳಿಂದಲೇ ನನ್ನ ಅಂಗಡಿಯ ಬಾಡಿಗೆ ಕಟ್ಟುತ್ತಿದ್ದೇನೆ.

ಜಾಗ ಗುರುತಿಸುವಾಗ ಒಂದು ತಿರುವು ಇದೆ. ಚಿತ್ರದಲ್ಲಿ ಮೇಲೆ ಎಡಕ್ಕೆ ಕಂಡ ಕಲೆ, ಎದುರಿನಿಂದ ನೋಡಿದಾಗ ಸೆನ್ಸರಿನ ಕೆಳಗೆ ಎಡಕ್ಕೆ ಇರುತ್ತದೆ. ಮೇಲೆ ಕೆಳಗೆ ಮಾತ್ರ ಬದಲು.

ಮುಂದಿನ ಮಳೆಗಾಲಕ್ಕೆ ಗಾಳಿ ಹೊಗದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ತೇವಮಾಪಕ. 40ರಿಂದ 50 ಶೇಕಡಾ ಇದ್ದರೆ ಬೂಸ್ಟು ಹಿಡಿಯುವುದಿಲ್ಲ.

ಕಟಪಾಡಿ ಕಂದೀಲು
ಡಿಸೆಂಬರ್ 13, ರಾತ್ರಿ 10:30

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕುಚ್ಚಲಕ್ಕಿ ಡಬ್ಬಿ. ಅಮ್ಮ ಬೇಡವೆಂದರೂ ಕೇಳಲಿಲ್ಲ. ಅವರ ಚಿಂತೆ ಅಕ್ಕಿ ಹಾಳಾದೀತೆಂದು.

ಹೆಬ್ರಿ ಇರುಳು
ಡಿಸೆಂಬರ್ 13, ರಾತ್ರಿ 10:44

ಕೃತ್ತಿಕೆಯ ನಡುವೆ ತೌಡು! ಸ್ವಚ್ಛ ಮಾಡಿಕೊಂಡು ಅಮಾವಾಸ್ಯೆಯ ಹೊತ್ತಿಗೆ ನಮ್ಮ ಮನೆಗೆ ಬನ್ನಿ. ಅಂಗಳದ ತುಂಬ ಅಡಿಕೆ ಒಣಹಾಕಿದ್ದೇವೆ, ಆದರೂ ಮೂರು ಕಾಲು ಊರುವಷ್ಟು ಜಾಗ ಮಾಡಿಕೊಡುತ್ತೇನೆ. ಉತ್ತರಕ್ಕೆ ಗದ್ದೆ, ಧ್ರುವ ಕಾಣುತ್ತಾನೆ.

ಕಟಪಾಡಿ ಕಂದೀಲು
ಡಿಸೆಂಬರ್ 28, ಮಧ್ಯಾಹ್ನ 12:15

ಹೋಗಿ ಬಂದೆ. ಮೊದಲ ರಾತ್ರಿ ವ್ಯರ್ಥ: ಹನ್ನೊಂದಕ್ಕೆಲ್ಲ ಮಸೂರದ ಮೇಲೆ ಇಬ್ಬನಿ ಇಳಿದು, ಪ್ರತಿ ನಕ್ಷತ್ರವೂ ಮಂಜಿನೊಳಗಿನ ಬಸ್ಸಿನ ದೀಪದಂತಾಯಿತು. ಎರಡನೆಯ ರಾತ್ರಿ ಅಕ್ಕ ಹೇರ್ ಡ್ರೈಯರ್ ಕೊಟ್ಟರು, ಅರ್ಧ ಗಂಟೆಗೊಮ್ಮೆ ಬಿಸಿಗಾಳಿ ಹಿಡಿದೆ.

ಫಿಲ್ಟರ್ ಇಲ್ಲ, ರಟ್ಟು ಇದೆ, ಐಎಸ್‌ಒ 800. ಮೊದಲು ರೋಹಿಣಿಯನ್ನು ಬೇಕೆಂದೇ ಫೋಕಸ್ ತಪ್ಪಿಸಿ ತೆಗೆದೆ. ಬೆಳಕು ದೊಡ್ಡ ಬಿಲ್ಲೆಯಾಗಿ ಹರಡಿದ್ದರಿಂದ ಯಾವ ಪಿಕ್ಸೆಲ್ಲೂ ಚೆಲ್ಲಲಿಲ್ಲ. ಕ್ಯಾಮೆರಾದ ಪರದೆಯಲ್ಲೇ ಮಾಗಿದ ಅಡಿಕೆಯ ಬಣ್ಣ! ಅದನ್ನು ನೋಡಿದ ಮೇಲೆ ಮಿಕ್ಕದ್ದಕ್ಕೆ ಧೈರ್ಯ ಬಂತು. ಎಫ್/8 ಆದದ್ದರಿಂದ ಮಾಸ್ಟ್ರು ಹೇಳಿದ 30 ಸೆಕೆಂಡನ್ನು 60 ಮಾಡಿಕೊಂಡೆ: ಕೃತ್ತಿಕೆಯ 150 ಚಿತ್ರ, 5 ಸೆಕೆಂಡಿನವು 20, ಡಾರ್ಕ್ 25. ಬಿಚ್ಚುವ ಮೊದಲೇ ಫ್ಲ್ಯಾಟ್. ಬಯಾಸ್ ಚಿತ್ರದ ಸರಾಸರಿ ನೋಡಿದೆ, 2048ರ ಹತ್ತಿರವೇ ಇತ್ತು.

ಹೊಸ ಚಿತ್ರ ಹಾಕಿದ್ದೇನೆ. ಮೊದಲಿನಷ್ಟು ನೀಲಿ ಇಲ್ಲ. ಹೆಂಡತಿಗೆ ಹಳೆಯದೇ ಇಷ್ಟ. ಆದರೆ ಕೆಳಗೆ ಬಲಗಡೆ ಎರಡು ತಿಳಿ ಕಿತ್ತಳೆ ನಕ್ಷತ್ರಗಳಿವೆ, ಹಿಂದಿನ ಚಿತ್ರದಲ್ಲಿ ಅವು ಬರೀ ಬಿಳಿ. ಮೆರೋಪೆಯ ಪಕ್ಕದಲ್ಲಿ ಬಾಚಣಿಗೆ ಎಳೆದಂತೆ ಮಸುಕು ಗೀರುಗಳು. ದುಂಡಗಿಲ್ಲ, ಮಾಸ್ಟ್ರೇ, ಮೂರು ಸಲ ನೋಡಿದೆ. ಬ್ಲೋಯರಿಗೂ ಸ್ವಾಬಿಗೂ ಜಗ್ಗದ ಒಂದು ಕಲೆ ಸೆನ್ಸರಿನ ಮೂಲೆಯಲ್ಲಿ ಇನ್ನೂ ಇದೆ. ಫ್ಲ್ಯಾಟ್ ಅದನ್ನು ಪೂರ್ತಿ ಅಳಿಸಿದ್ದರಿಂದ ಹಾಗೆಯೇ ಬಿಟ್ಟಿದ್ದೇನೆ.

ಕಾರ್ಕಳದ ಮಾಸ್ಟ್ರು
ಡಿಸೆಂಬರ್ 28, ಸಂಜೆ 4:40

ನೋಡಿದೆ. ಮೋಡವೇ. ಆಸಿಂಚ್ ಸ್ವಲ್ಪ ಹೆಚ್ಚು ಎಳೆದಿದ್ದೀರಿ, ಅಲ್ಸಿಯೋನೆಯ ನಡು ಗಟ್ಟಿಯಾಗಿದೆ. 5 ಸೆಕೆಂಡಿನವನ್ನು ಇನ್ನೂ ಮೆತ್ತಗೆ ಬೆರೆಸಿ.

ಪಣಂಬೂರು ಪಡುಗಾಳಿ
ಡಿಸೆಂಬರ್ 28, ರಾತ್ರಿ 9:12

ಬಂದರು ರಸ್ತೆಯವರೇ, ಭಾನುವಾರ ನಿಮ್ಮ ಅಂಗಡಿ ತೆರೆದಿರುತ್ತದೆಯೇ? ನನ್ನ ಇನ್ನೊಂದು ಕ್ಯಾಮೆರಾ ಜುಲೈಯಿಂದ ಅಕ್ಕಿ ಡಬ್ಬಿಯಲ್ಲಿದೆ.